ಕೈ ಎತ್ತಿದವರು ಮಾತ್ರ ಮಕ್ಕಳಾ?



ಪೋಸ್ಟು ಉದ್ದ ಇದೆ. ಮೇಷ್ಟ್ರು ಕೆಲಸದಲ್ಲಿರುವ ನಮ್ಮವರು, ಹಾಸ್ಟೆಲ್ ವಾರ್ಡನ್‌ಗಳು, ಎಸ್‌ಡಿಎಂಸಿಯಲ್ಲಿ ಕೂತಿರುವ ಗೆಳೆಯರು ದಯವಿಟ್ಟು ಪೂರ್ತಿ ಓದಿ. ಉಳಿದವರು ಪುರಸೊತ್ತಾದಾಗ ಓದಿ, ಆದ್ರೆ ಓದಿ.

ಹೋದ ತಿಂಗಳು ರಾತ್ರಿ ಒಂಬತ್ತೂವರೆಗೆ ನನ್ನ ಫೋನಿಗೆ ಒಂದು ಫೋಟೋ ಬಂತು. ಕಳಿಸಿದ್ದು ಗಾರ್ಮೆಂಟ್ಸಿಗೆ ಹೋಗುವ ಒಬ್ಬ ತಾಯಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕರಲ್ಲಿ ಒಂದು ತಾಲ್ಲೂಕಿನ ಶಾಲೆ. (ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿದ್ದಾರೆ, ನನ್ನ ಬಾಯಿಗೆ ಇನ್ನೂ ರಾಮನಗರವೇ ಬರೋದು.) ಯಾವ ಶಾಲೆ ಅಂತ ಬರೆಯಲ್ಲ. ಬರೆದರೆ ಆ ಮಕ್ಕಳು ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತೆ, ಈಗ ಆಗಿರುವುದೇ ಸಾಕು.

ಫೋಟೋದಲ್ಲಿ ಗೋಡೆ ಮೇಲೆ ದೊಡ್ಡ ಸ್ಕ್ರೀನು. ಸ್ಕ್ರೀನ್ ತುಂಬ ಏಳನೇ ಕ್ಲಾಸಿನ ಮಕ್ಕಳ ಹೆಸರು. ಸರಿ ಉತ್ತರ ಕೊಟ್ಟವರು ಹಸಿರು, ತಪ್ಪು ಕೊಟ್ಟವರು ಕೆಂಪು. ಮೇಷ್ಟ್ರು ಅದನ್ನ ಪೋಷಕರ ಗ್ರೂಪಿಗೆ ಹಾಕಿ, ನಮ್ಮ ಡಿಜಿಟಲ್ ತರಗತಿ, ಲೈವ್ ರಿಸಲ್ಟ್ ಅಂತ ಬರೆದು ಎರಡು ಚಪ್ಪಾಳೆ ಅಂಟಿಸಿದ್ದಾರೆ. ಹನ್ನೊಂದು ಹೆಸರು ಕೆಂಪು. ಅದರಲ್ಲಿ ಎಂಟು ನಮ್ಮ ಕಾಲೋನಿ ಮಕ್ಕಳದು.

ಆ ತಾಯಿ ಕೇಳಿದ್ದು ಇಷ್ಟೇ: "ಅಣ್ಣಾ, ನನ್ ಮಗಳ ಹೆಸ್ರು ಕೆಂಪ್ಗೈತೆ. ಫೇಲಾ ಇದು?"

ಈ ಫೋಟೋವನ್ನ ಹೆಸರು ಅಳಿಸಿ ನಮ್ಮ ಸಂಘದ ಗೆಳೆಯರಿಗೆ ತೋರಿಸಿದೆ. ಅರ್ಧ ಜನ ಸಿಟ್ಟಾದ್ರು. ಈ ಮೆಷಿನ್ನು, ಆ್ಯಪು ಎಲ್ಲ ಶಾಲೆಯಿಂದ ತೆಗೆಸಬೇಕು, ಮನವಿ ಕೊಡೋಣ ಅಂದ್ರು. ಮನವಿ ಕೊಟ್ಟಿದ್ದೀವಿ, ಆದ್ರೆ ತೆಗೆಸಿ ಅಂತ ಅಲ್ಲ. ಯಾಕೆ ಅಂತ ಹೇಳೋಕೇ ಈ ಪೋಸ್ಟು. ಮಕ್ಕಳೆಲ್ಲರಿಂದ ಒಂದೇ ಸಲಕ್ಕೆ ಉತ್ತರ ತೆಗೆದುಕೊಳ್ಳುವ ಈ ಉಪಕರಣ ಬೇರೆ ಯಾರಿಗಿಂತಲೂ ಹೆಚ್ಚು ನಮ್ಮ ಮಕ್ಕಳಿಗೆ ಬೇಕಾದ್ದು. ಕೆಟ್ಟದ್ದು ಉಪಕರಣ ಅಲ್ಲ, ಆ ಸ್ಕ್ರೀನು.

ನನ್ನ ಕಥೆ ಸ್ವಲ್ಪ ಹೇಳಬೇಕು. ನಾನು ಶಾಲೆಯಲ್ಲಿ ಏಳು ವರ್ಷ ಕೈ ಎತ್ತಿದ್ದು ಒಂದೇ ವಿಷಯಕ್ಕೆ. "ಎಸ್ಸಿ ಮಕ್ಕಳೆಲ್ಲ ಕೈ ಎತ್ತಿ, ಸ್ಕಾಲರ್‌ಶಿಪ್ ಫಾರಂ ಬಂದಿದೆ" ಅಂತ ವರ್ಷಕ್ಕೊಂದು ಸಲ ಕೇಳುತ್ತಿದ್ದರು. ಆಗ ಎತ್ತಬೇಕು, ಎತ್ತದೇ ಇದ್ದರೆ ದುಡ್ಡು ಬರಲ್ಲ. ಇಡೀ ಕ್ಲಾಸು ತಿರುಗಿ ನೋಡುತ್ತಿತ್ತು. ಆ ಕೈಯನ್ನ ಮಾರನೇ ದಿನ ಭೂಗೋಳದ ಪಾಠದಲ್ಲಿ "ಸಾರ್, ನಾನು ಹೇಳ್ತೀನಿ" ಅಂತ ಹೇಗೆ ಎತ್ತೋದು ಹೇಳಿ? ಉತ್ತರ ಗೊತ್ತಿತ್ತು ಎಷ್ಟೋ ಸಲ. ಕೈ ಮೇಲಕ್ಕೆ ಬರ್ತಿರಲಿಲ್ಲ. ಮೇಷ್ಟ್ರ ಲೆಕ್ಕದಲ್ಲಿ ಕೈ ಎತ್ತದವನು ದಡ್ಡ. ನಾನು ಬಿ.ಎ. ಮಾಡಿ ಗುಮಾಸ್ತನಾಗಿ ಕಚೇರಿಯಲ್ಲಿ ಕೂತ ಮೇಲೂ ಸಭೆಯಲ್ಲಿ ಕೈ ಎತ್ತೋಕೆ ಹತ್ತು ವರ್ಷ ಹಿಡೀತು. ಈಗ ಕೈ ಎತ್ತುತ್ತೀನಿ, ಇಳಿಸಿ ಅಂದರೂ ಇಳಿಸಲ್ಲ, ಅದು ಬೇರೆ ಮಾತು.

ಬಾಬಾಸಾಹೇಬರ ಬಾಲ್ಯದ ಆ ಘಟನೆ ನಿಮಗೆಲ್ಲ ಗೊತ್ತು. ಸಾತಾರಾ ಶಾಲೆಯಲ್ಲಿ ಕೂರೋಕೆ ಮನೆಯಿಂದ ತಂದ ಗೋಣಿತಟ್ಟು, ಜವಾನ ಬಂದು ನೀರು ಹಾಕದಿದ್ದರೆ ನೀರೇ ಇಲ್ಲ. ಅದಕ್ಕಿಂತ ನನಗೆ ಹೆಚ್ಚು ನೆನಪಾಗೋದು ಬಾಂಬೆಯ ಎಲ್ಫಿನ್‌ಸ್ಟನ್ ಹೈಸ್ಕೂಲಿನದು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿದೆ. ಲೆಕ್ಕ ಬಿಡಿಸು ಬಾ ಅಂತ ಮೇಷ್ಟ್ರು ಬೋರ್ಡಿನ ಹತ್ತಿರ ಕರೀತಾರೆ. ಹುಡುಗ ಏಳುತ್ತಿದ್ದಂತೆ ಕ್ಲಾಸಿನಲ್ಲಿ ಗದ್ದಲ. ಬೋರ್ಡಿನ ಹಿಂದೆ ಉಳಿದ ಹುಡುಗರ ಊಟದ ಡಬ್ಬಿಗಳಿವೆ, ಇವನು ಹತ್ತಿರ ಹೋದರೆ ಮೈಲಿಗೆ! ಎಲ್ಲರೂ ಓಡಿ ಹೋಗಿ ಡಬ್ಬಿ ಎತ್ತಿಟ್ಟುಕೊಂಡ ಮೇಲೆ ಬಾಲಕ ಭೀಮ ಬೋರ್ಡು ಮುಟ್ಟಿದ್ದು. ಉತ್ತರ ಹೇಳೋಕೆ ಮುಂದೆ ಹೋಗೋದು ಅಂದರೆ ಏನು ಅಂತ ತಿಳ್ಕೊಳ್ಳೋಕೆ ಈ ಒಂದು ದೃಶ್ಯ ಸಾಕು. ಈಗ ಡಬ್ಬಿ ಎತ್ತಿಡಲ್ಲ ನಿಜ. ಆದ್ರೆ ತಪ್ಪು ಹೇಳಿದಾಗ ಮುಂದಿನ ಬೆಂಚು ನಗುವ ನಗು ಇದೆಯಲ್ಲ, ಅದನ್ನ ನಮ್ಮ ಮಕ್ಕಳು ಬೇರೆ ಥರ ಕೇಳಿಸಿಕೊಳ್ಳುತ್ತಾರೆ.

ಈಗ ಉಪಕರಣಕ್ಕೆ ಬರ್ತೀನಿ. ಕನ್ನಡದ ಕೋಟ್ಯಧಿಪತಿ ನೋಡಿದ್ದೀರಲ್ಲ, ಅಪ್ಪು ನಡೆಸುತ್ತಿದ್ದಾಗ. ಆಟಗಾರನಿಗೆ ಗೊತ್ತಾಗದೇ ಇದ್ದರೆ ಪ್ರೇಕ್ಷಕರನ್ನ ಕೇಳುತ್ತಿದ್ದ. ಅವರ ಕೈಯಲ್ಲಿ ಒಂದೊಂದು ಬಟನ್ ಡಬ್ಬಿ. ಎ, ಬಿ, ಸಿ, ಡಿ ಒತ್ತಿದರೆ ಸ್ಕ್ರೀನ್ ಮೇಲೆ ನಾಲ್ಕು ಕಂಬ ಏಳುತ್ತಿತ್ತು, ಇಷ್ಟು ಜನ ಎ, ಇಷ್ಟು ಜನ ಬಿ ಅಂತ. ಯಾರು ಏನು ಒತ್ತಿದರು ಅಂತ ಯಾರಿಗೂ ಗೊತ್ತಿಲ್ಲ. ಕ್ಲಾಸಿನಲ್ಲಿ ಅದೇ ಕೆಲಸ ಮಾಡೋದಕ್ಕೆ ಕ್ಲಿಕರ್ ಅಂತಾರೆ. ರಿಮೋಟಿನಂಥ ವಸ್ತು, ಮಗುವಿಗೊಂದು. ಮೇಷ್ಟ್ರ ಕಂಪ್ಯೂಟರಿಗೆ ಉತ್ತರ ಹೋಗುತ್ತೆ.

ಮಗುವಿಗೊಂದು ರಿಮೋಟು ಕೊಳ್ಳೋಕೆ ನಮ್ಮ ಸರ್ಕಾರಿ ಶಾಲೆಗಳ ಕೈಲಿ ಆಗಲ್ಲ. ಸುಣ್ಣಬಣ್ಣಕ್ಕೇ ಅನುದಾನ ಬರಲ್ಲ, ಸೆಲ್ಲು ಹಾಕಿಸೋರು ಯಾರು. ಆದ್ರೆ ಕಾಗದದಲ್ಲಿ ಆಗುತ್ತೆ. ಪ್ಲಿಕರ್ಸ್ ಅಂತ ಒಂದು ಆ್ಯಪ್ ಇದೆ. ಕ್ಯಾಲಿಫೋರ್ನಿಯಾದ ಒಬ್ಬ ಲೆಕ್ಕದ ಮೇಷ್ಟ್ರು, ನೋಲನ್ ಏಮಿ ಅಂತ, ತನ್ನ ಕ್ಲಾಸಿಗೋಸ್ಕರ ಶುರು ಮಾಡಿದ್ದು. ಮಗುವಿಗೆ ಒಂದು ಕಾಗದದ ಕಾರ್ಡು. ಅದರ ಮೇಲೆ ಪೇಟಿಎಂ ಸ್ಕ್ಯಾನ್ ಮಾಡ್ತೀವಲ್ಲ ಅಂಥದೇ ಕಪ್ಪು ಬಿಳಿ ಚಿತ್ರ, ಒಂದೊಂದು ಕಾರ್ಡಿನದು ಒಂದೊಂದು ಥರ. ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ ತೀರಾ ಸಣ್ಣದಾಗಿ ಬರೆದಿರುತ್ತೆ. ಮಗು ತನ್ನ ಉತ್ತರ ಮೇಲೆ ಬರುವ ಹಾಗೆ ಕಾರ್ಡು ತಿರುಗಿಸಿ ಹಿಡಿಯಬೇಕು. ಮೇಷ್ಟ್ರು ತನ್ನ ಫೋನಿನ ಕ್ಯಾಮೆರಾ ಆ ಕಡೆಯಿಂದ ಈ ಕಡೆಗೆ ಆಡಿಸಿದರೆ ಇಡೀ ಕ್ಲಾಸಿನ ಉತ್ತರ ಬಂತು. ಮಕ್ಕಳ ಕೈಯಲ್ಲಿ ಫೋನು ಬೇಡ, ಟ್ಯಾಬು ಬೇಡ. ಪಕ್ಕದವನು ಏನು ಹಿಡಿದಿದ್ದಾನೆ ಅಂತ ನೋಡಿದರೂ ಗೊತ್ತಾಗಲ್ಲ, ಅವನ ಕಾರ್ಡಿನ ಚಿತ್ರವೇ ಬೇರೆ.

ಕಾರ್ಡು ಕನ್ನಡ ನಾಡಿಗೆ ಹೊಸದೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದಾಗಿಂದ ನಮ್ಮ ಪ್ರೈಮರಿ ಮೇಷ್ಟ್ರುಗಳು ಕಾರ್ಡು ಹಿಡಿದೇ ಪಾಠ ಮಾಡಿದವರು. ಇದು ಉತ್ತರದ ಕಾರ್ಡು, ಅಷ್ಟೇ ವ್ಯತ್ಯಾಸ.

ನಮ್ಮ ಬೀದಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾವು ಮೂರು ಜನ ಪಾಠ ಹೇಳುತ್ತೀವಿ. ಹೋದ ವರ್ಷ ಇದನ್ನ ಅಲ್ಲಿ ಶುರು ಮಾಡಿದೆ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ, ಹಳೇ ಮದುವೆ ಕಾರ್ಡಿನ ರಟ್ಟಿಗೆ ಅಂಟಿಸಿದ್ದು. (ಲ್ಯಾಮಿನೇಶನ್ ಮಾಡಿಸಬೇಡಿ. ಮೊದಲು ಮಾಡಿಸಿ ದುಡ್ಡು ಕಳ್ಕೊಂಡೆ. ಬೆಳಕು ಬಿದ್ದು ಹೊಳೆಯುತ್ತೆ, ಫೋನು ಓದಲ್ಲ.) ಮಕ್ಕಳು ಚಿತ್ರದ ಮೇಲೆ ಬೆರಳಿಡದೆ ಅಂಚಲ್ಲಿ ಹಿಡಿಯೋದು ಕಲಿಯಲಿಕ್ಕೆ ಒಂದು ವಾರ ಹೋಯಿತು.

ಮೊದಲ ದಿನದ ಪ್ರಶ್ನೆ ಇವತ್ತಿಗೂ ನೆನಪಿದೆ. ಭಿನ್ನರಾಶಿ ಪಾಠ ಮುಗಿಸಿ ಯಥಾಪ್ರಕಾರ ಕೇಳಿದೆ: "ಅರ್ಥ ಆಯ್ತಾ?" ಇಪ್ಪತ್ತನಾಲ್ಕು ಮಕ್ಕಳು ಒಂದೇ ರಾಗದಲ್ಲಿ: "ಆಯ್ತೂ ಸಾರ್!" ಈ ರಾಗ ನಿಮಗೂ ಗೊತ್ತು. ಕರ್ನಾಟಕದ ಯಾವ ಶಾಲೆಯ ಹೊರಗೆ ನಿಂತರೂ ಕೇಳಿಸುತ್ತೆ. ಆಮೇಲೆ ಬೋರ್ಡಿನ ಮೇಲೆ ಬರೆದೆ: 3/4 ದೊಡ್ಡದಾ, 3/8 ದೊಡ್ಡದಾ, ಎರಡೂ ಒಂದೇನಾ, ಹೇಳೋಕಾಗಲ್ವಾ. ಕಾರ್ಡು ಎತ್ತಿದರು. ಏಳು ಜನ ಸರಿ. ಹದಿನಾಲ್ಕು ಮಕ್ಕಳಿಗೆ 3/8 ದೊಡ್ಡದು, ಯಾಕಂದರೆ ನಾಲ್ಕಕ್ಕಿಂತ ಎಂಟು ದೊಡ್ಡದು. ಮೂರು ಜನಕ್ಕೆ ಎರಡೂ ಒಂದೇ, ಮೇಲೆ ಮೂರು ಮೂರೇ ಇದೆಯಲ್ಲ. ನಾನು ಒಂದು ಗಂಟೆ ಪಾಠ ಮಾಡಿದ್ದೆ ಸ್ವಾಮಿ! ಆಯ್ತೂ ಸಾರ್ ಅಂದಿದ್ದನ್ನ ನಂಬಿ ಮುಂದಕ್ಕೆ ಹೋಗಿದ್ದರೆ ಹದಿನೇಳು ಮಕ್ಕಳನ್ನ ಅಲ್ಲೇ ಬಿಟ್ಟು ಹೋಗುತ್ತಿದ್ದೆ. ಬಿಟ್ಟಿದ್ದೀನಿ ಅಂತ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಅಮೆರಿಕದ ಹಾರ್ವರ್ಡಿನಲ್ಲಿ ಎರಿಕ್ ಮಜೂರ್ ಅಂತ ಭೌತಶಾಸ್ತ್ರದ ಪ್ರೊಫೆಸರು. ಅಂಥ ದೊಡ್ಡ ಕಡೆ ಪಾಠ ಮಾಡೋರಿಗೂ ಇದೇ ಆಯಿತಂತೆ. ದೊಡ್ಡ ದೊಡ್ಡ ಲೆಕ್ಕ ಬಿಡಿಸುವ ಹುಡುಗರು, ಸರಳವಾದ ಪ್ರಶ್ನೆಯನ್ನ ಮಾತಿನಲ್ಲಿ ಕೇಳಿದರೆ ತಪ್ಪು ಹೇಳುತ್ತಿದ್ದರು. 1991ರಿಂದ ಅವರು ಪಾಠದ ಕ್ರಮವನ್ನೇ ಬದಲಾಯಿಸಿದರು, 1997ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಅವರ ಕ್ರಮ ಹೀಗೆ. ಒಂದು ಪ್ರಶ್ನೆ ಹಾಕು. ಒಂದೆರಡು ನಿಮಿಷ ಯಾರೂ ಮಾತಾಡದೆ ಯೋಚನೆ ಮಾಡಲಿ. ಎಲ್ಲರೂ ಉತ್ತರ ಒತ್ತಲಿ. ಸರಿ ಉತ್ತರ ಯಾವುದು ಅಂತ ಆಗಲೇ ಹೇಳಬೇಡ. ಸರಿ ಹೇಳಿದವರು 30%ಗಿಂತ ಕಡಿಮೆ ಇದ್ದರೆ ಪಾಠ ಅರ್ಥವಾಗಿಲ್ಲ, ಮತ್ತೆ ಮಾಡು. 70%ಗಿಂತ ಜಾಸ್ತಿ ಇದ್ದರೆ ಎರಡು ಮಾತು ಹೇಳಿ ಮುಂದೆ ಹೋಗು. ನಡುವೆ ಇದ್ದರೆ, ಬೇರೆ ಉತ್ತರ ಕೊಟ್ಟ ಪಕ್ಕದವನ ಜೊತೆ ಮಾತಾಡಿ, ಅವನನ್ನ ಒಪ್ಪಿಸಿ ನೋಡಿ ಅಂತ ಹೇಳು. ಆಮೇಲೆ ಇನ್ನೊಂದು ಸಲ ಉತ್ತರ ತಗೋ. ಮಜೂರ್ ಕೂಡ ಮೊದಲು ಕೈ ಎತ್ತಿಸಿ, ಕಾರ್ಡು ಹಿಡಿಸಿಯೇ ಶುರು ಮಾಡಿದ್ದು, ಮೆಷಿನ್ನು ಬಂದಿದ್ದು ಆಮೇಲೆ.

ನಮ್ಮ 3/4ರ ಪ್ರಶ್ನೆಗೆ ಸರಿ ಉತ್ತರ 30%ಗೆ ಒಂಚೂರು ಕಡಿಮೆ ಇತ್ತು. ಆದರೂ ಮಾತಾಡೋಕೆ ಬಿಟ್ಟೆ. ಗುಜುಗುಜು ಶುರುವಾಯಿತು. ಆರನೇ ಕ್ಲಾಸಿನ ಒಬ್ಬಳು ತನಗಿಂತ ದೊಡ್ಡವನಿಗೆ ಹೇಳ್ತಿದ್ದಳು: "ಲೋ, ಒಂದು ಮುದ್ದೇನ ನಾಲ್ಕು ಜನಕ್ಕೆ ಮುರಿದ್ರೆ ದೊಡ್ಡ ತುತ್ತು ಸಿಗ್ತದೋ, ಎಂಟು ಜನಕ್ಕೆ ಮುರಿದ್ರೆ ದೊಡ್ಡ ತುತ್ತು ಸಿಗ್ತದೋ?" ಎರಡನೇ ಸಲ ಕಾರ್ಡು ಎತ್ತಿದಾಗ ಹದಿನೇಳು ಜನ ಸರಿ. ನನ್ನ ಒಂದು ಗಂಟೆಯ ಪಾಠಕ್ಕಿಂತ ಅವಳ ಒಂದು ಮುದ್ದೆ ಹೆಚ್ಚು ಕೆಲಸ ಮಾಡಿತು.

ಇಲ್ಲಿ ನಿಂತು ಯೋಚನೆ ಮಾಡಬೇಕಾದ ವಿಷಯ ಒಂದಿದೆ, ಹಾರ್ವರ್ಡಿನವರಿಗೆ ಅದು ಹೊಳೆಯೋ ಅವಕಾಶ ಕಡಿಮೆ. "ಪಕ್ಕದವನ ಜೊತೆ ಮಾತಾಡು" ಅಂತೀರಲ್ಲ, ನಮ್ಮ ಮಗುವಿನ ಪಕ್ಕ ಯಾರು? ನಾನು ನೋಡಿರುವ ಎಷ್ಟೋ ತರಗತಿಯಲ್ಲಿ ಕಾಲೋನಿ ಮಕ್ಕಳು ಒಂದು ಕಡೆ ಗುಂಪಾಗಿ ಕೂತಿರುತ್ತಾರೆ. ಯಾರೂ ಕೂರಿಸಿಲ್ಲ ಸಾರ್, ಅವರೇ ಕೂತಿದ್ದು ಅಂತಾರೆ. ಹೌದು, ಅವರೇ ಕೂತಿದ್ದು. ನಾನೂ ಹಾಗೇ ಕೂತಿದ್ದೆ. ಜಾಗ ಬದಲಾಯಿಸದೆ ಉಪಕರಣ ಮಾತ್ರ ತಂದರೆ ಮಾತು ಅಲ್ಲಲ್ಲೇ ಸುತ್ತುತ್ತೆ, ಊರು ಊರಿನ ಜೊತೆ, ಕೇರಿ ಕೇರಿ ಜೊತೆ. ಪ್ರತಿ ವಾರ ಜಾಗ ಬದಲಾಯಿಸಿ. ರೋಲ್ ನಂಬರಿನ ಚೀಟಿ ಎತ್ತಿ ಕೂರಿಸಿ. ನಮ್ಮ ಮನವಿಯಲ್ಲಿ ಮೊದಲು ಬರೆದಿರುವುದೇ ಇದು. ಇದಕ್ಕೆ ಕರೆಂಟೂ ಬೇಡ.

ಕಾಯುವುದರ ಬಗ್ಗೆಯೂ ಹೇಳಬೇಕು. ಮೇರಿ ಬಡ್ ರೋವ್ ಅಂತ ಒಬ್ಬ ಅಮೆರಿಕನ್ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಟೇಪು ಇಟ್ಟುಕೊಂಡು ಅಳೆದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಮೂರು ಸೆಕೆಂಡು ಕಾದರೆ ಮಾತಾಡದ ಮಕ್ಕಳೂ ಮಾತಾಡುತ್ತಾರೆ, ಉತ್ತರಗಳೂ ಉದ್ದವಾಗುತ್ತೆ ಅಂತ ಕಂಡುಕೊಂಡರು. ಒಂದು ಸೆಕೆಂಡಿನಲ್ಲಿ ಬಾಯಿ ತೆರೆಯುವವನು ಯಾರು? ಮನೆಯಲ್ಲಿ ಅದೇ ಭಾಷೆ, ಅದೇ ವಿಷಯ ಕೇಳಿ ಬೆಳೆದವನು. ಕಾರ್ಡಿನ ಒಳ್ಳೇ ಗುಣ ಅಂದರೆ ಎಲ್ಲರ ಕಾರ್ಡೂ ಏಳುವ ತನಕ ಮೇಷ್ಟ್ರು ಕಾಯಲೇಬೇಕು. ನಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದ ಮೇಲೆ ಗಂಟಲು ಜೋರಿರುವವನ ಕೂಗಿಗೆ ಬೆಲೆ ಕಮ್ಮಿ ಆಯ್ತಲ್ಲ, ಹಾಗೆ.

ಚನ್ನಪಟ್ಟಣದ ಗೊಂಬೆ ಕೆಲಸದ ಗೆಳೆಯರೊಬ್ಬರು ಇದನ್ನ ಕೇಳಿ ಬಹಳ ಹುರುಪಿನಿಂದ, "ಆಲೆ ಮರದಲ್ಲಿ ನಾಲ್ಕು ಬಣ್ಣದ ಬಿಲ್ಲೆ ಅರಗು ಹಾಕಿ ಕೊಡ್ತೀನಿ, ನೆಟ್ಟೂ ಬೇಡ ಫೋನೂ ಬೇಡ" ಅಂದರು. ಒಂದಿಷ್ಟು ಮಾಡಿಯೂ ಕೊಟ್ಟರು. ನೋಡೋಕೆ ಚೆಂದ, ಮಕ್ಕಳು ಮನೆಗೆ ಒಯ್ಯೋಕೆ ಹೊಂಚು ಹಾಕಿದ್ದರು. ಆದ್ರೆ ಕೆಲಸಕ್ಕೆ ಬರಲಿಲ್ಲ. ಬಣ್ಣ ಎಲ್ಲರಿಗೂ ಕಾಣುತ್ತೆ. ಬುದ್ಧಿವಂತ ಅಂತ ಹೆಸರಾದ ಹುಡುಗ ಕೆಂಪು ಎತ್ತಿದರೆ ಎರಡು ಸೆಕೆಂಡಿನಲ್ಲಿ ಇಡೀ ರೂಮು ಕೆಂಪು. ಆಗಲೇ ನನಗೆ ಪಕ್ಕಾ ಆಗಿದ್ದು, ಈ ವಿಷಯದಲ್ಲಿ ಬೆಲೆ ಇರುವುದು ಗುಟ್ಟಿಗೆ. ಫೋನೂ ಇಲ್ಲದ ಕಡೆ ಕಣ್ಣು ಮುಚ್ಚಿಸಿ, ಎದೆಯ ಹತ್ತಿರ ಬೆರಳು ತೋರಿಸೋಕೆ ಹೇಳಿ. ಒಂದು ಬೆರಳು ಎ, ಎರಡು ಬಿ. ಸುಮಾರಾಗಿ ಕೆಲಸ ನಡೆಯುತ್ತೆ.

ಗುಟ್ಟಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮತಯಂತ್ರದಲ್ಲಿ ನನ್ನ ಓಟು ಯಾರಿಗೂ ಕಾಣಲ್ಲ, ಆದ್ರೆ ಎಣಿಕೆ ಬೂತುವಾರು ಬರುತ್ತೆ. ಕಾಲೋನಿ ಬೂತು ಯಾರಿಗೆ ಹಾಕಿದೆ ಅಂತ ಮಾರನೇ ದಿನ ಊರಿಗೆಲ್ಲ ಗೊತ್ತು, ಬೋರ್‌ವೆಲ್ ಕೊಡೋದು ಬಿಡೋದು ಆಮೇಲೆ ಶುರು. ಬೂತುಗಳನ್ನ ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರ ತರೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಇನ್ನೂ ಬಂದಿಲ್ಲ. ಕ್ಲಾಸಿನ ಸ್ಕ್ರೀನಿನಲ್ಲಿ ಹೆಸರಿನ ಸಮೇತ ಕೆಂಪು ಹಸಿರು ತೋರಿಸೋದು ಇದಕ್ಕಿಂತ ಕೆಟ್ಟದ್ದು. ಓಟನ್ನೇ ತೆರೆದು ತೋರಿಸಿದ ಹಾಗೆ.

ಆ ಮೇಷ್ಟ್ರಿಗೆ ಬೈದು ಸುಮ್ಮನಾಗೋಕೆ ನನಗೆ ನೈತಿಕ ಹಕ್ಕಿಲ್ಲ. ಯಾಕಂದ್ರೆ ಅದೇ ತಪ್ಪು ನಾನೂ ಮಾಡಿದ್ದೀನಿ. ಎರಡನೇ ವಾರ ಹುರುಪಿನಲ್ಲಿ ಲ್ಯಾಪ್‌ಟಾಪು ತಿರುಗಿಸಿ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ, ಹೆಸರಿನ ಸಮೇತ. ಮಕ್ಕಳಿಗೆ ಖುಷಿ ಆಗುತ್ತೆ ಅಂತ. ಎಂಟನೇ ಕ್ಲಾಸಿನ ಒಬ್ಬ ಹುಡುಗನ ಹೆಸರು ಸಾಲಾಗಿ ಮೂರು ಪ್ರಶ್ನೆಗೂ ಕೆಂಪು. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮೂರನೇ ವಾರ ಮನೆಗೆ ಹೋದೆ. "ಹೊಟ್ಟೆನೋವು ಅಂತಾನೆ ಕಣಪ್ಪ, ಭಾನುವಾರ ಬಂದ್ರೆ ಸಾಕು" ಅಂದರು ಅವನ ಅಜ್ಜಿ. ಹುಡುಗ ಹಟ್ಟಿ ಹಿಂದೆ ನಿಂತಿದ್ದ. ತುಂಬ ಹೊತ್ತು ಆದ ಮೇಲೆ ಹೇಳಿದ: "ಸ್ಕೂಲಲ್ಲೂ ಅದೇ, ಇಲ್ಲೂ ಅದೇ ಅಂದ್ರೆ ಯಾಕ್ ಬರ್ಲಿ ಮಾವ?"

ನಮ್ಮ ಬೀದಿ, ನಮ್ಮ ಭವನ, ಗೋಡೆ ಮೇಲೆ ಬಾಬಾಸಾಹೇಬರ ಫೋಟೋ. ಅದರ ಕೆಳಗೇ ನಾನು ಆ ಕೆಲಸ ಮಾಡಿದ್ದೆ. ಅವತ್ತಿಂದ ಆ್ಯಪಿನಲ್ಲಿ ಹೆಸರಿಲ್ಲ, ನಂಬರು ಮಾತ್ರ. ಸ್ಕ್ರೀನಿನಲ್ಲಿ ಕಂಬಗಳು ಮಾತ್ರ, ಅದೂ ಎರಡನೇ ಸಲ ಉತ್ತರ ಕೊಟ್ಟ ಮೇಲೆ. ಮೊದಲ ಸಲದ್ದು ತೋರಿಸಿದರೆ ಜಾಸ್ತಿ ಜನ ಇರುವ ಕಡೆಗೆ ಎಲ್ಲರೂ ವಾಲುತ್ತಾರೆ. ಯಾವ ನಂಬರು ಯಾವ ಮಗು ಅನ್ನೋ ಪಟ್ಟಿ ನನ್ನ ಡೈರಿಯಲ್ಲಿದೆ. ಅದನ್ನ ನೋಡೋದು ಯಾರ ಪಕ್ಕ ಕೂತು ಹೇಳಿಕೊಡಬೇಕು ಅಂತ ತಿಳ್ಕೊಳ್ಳೋಕೆ, ಮಾರ್ಕ್ಸ್ ಹಾಕೋಕಲ್ಲ. ಹುಡುಗ ವಾಪಸು ಬಂದ. ಒಂದು ತಿಂಗಳು ನನ್ನ ಮುಖ ಸರಿಯಾಗಿ ನೋಡಲಿಲ್ಲ.

ಹೆಸರು, ಜಾತಿ ಬಯಲಾದರೆ ಮಗುವಿನ ತಲೆ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಪುರಾವೆ ಕೇಳುವವರಿಗೆ ಒಂದು ಅಧ್ಯಯನ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಯಲ್ಲಿ ಮಾಡಿದ್ದು, 2004ರಲ್ಲಿ ವಿಶ್ವಬ್ಯಾಂಕಿನಿಂದ ಬಂತು. ಆರು ಏಳನೇ ಕ್ಲಾಸಿನ ಹುಡುಗರು, ಮೇಲ್ಜಾತಿಯ 321, ಕೆಳಜಾತಿ ಅನ್ನಿಸಿಕೊಂಡ 321. ದಾರಿ ಹುಡುಕುವ ಚಿತ್ರದ ಒಗಟು ಬಿಡಿಸಬೇಕು. ಜಾತಿ ಹೇಳದೇ ಇದ್ದಾಗ ಎರಡೂ ಗುಂಪು ಸಮಸಮ. ಎಲ್ಲರ ಮುಂದೆ ಹೆಸರು, ಊರು, ತಂದೆ, ತಾತನ ಹೆಸರು, ಜಾತಿ ಓದಿ ಹೇಳಿದ ಮೇಲೆ ಆಡಿಸಿದರೆ, ನಮ್ಮ ಮಕ್ಕಳು ಬಿಡಿಸಿದ ಒಗಟು ಸುಮಾರು 20ರಿಂದ 25% ಕಮ್ಮಿ. ಅದೇ ಮಕ್ಕಳು, ಅದೇ ಬುದ್ಧಿ. ಎಸ್ಸಿ ಮಕ್ಕಳು ಕೈ ಎತ್ತಿ ಅಂತ ಕರೆದ ಆ ದಿನಗಳು ನನಗೆ ಇದನ್ನ ಓದಿದಾಗ ಅರ್ಥವಾದವು.

ಇನ್ನೊಂದು ಅಧ್ಯಯನ ನುಂಗೋಕೆ ಕಷ್ಟ, ಆದರೂ ಹೇಳಬೇಕು. ರೇಮಾ ಹನ್ನಾ, ಲೀ ಲಿಂಡನ್ ಅನ್ನೋರು ಭಾರತದಲ್ಲೇ ಮಾಡಿದ್ದು, 2012ರಲ್ಲಿ ಪ್ರಕಟವಾಯಿತು. ಉತ್ತರ ಪತ್ರಿಕೆಯ ಮೇಲೆ ಮಗುವಿನ ಜಾತಿಯನ್ನ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಬರೆದು ಮೇಷ್ಟ್ರುಗಳಿಗೆ ತಿದ್ದೋಕೆ ಕೊಟ್ಟರು. ಕೆಳಜಾತಿ ಅಂತ ಬರೆದಿದ್ದ ಪತ್ರಿಕೆಗೆ ಅಂಕ ಸ್ವಲ್ಪ ಕಮ್ಮಿ ಬಿತ್ತು. ವ್ಯತ್ಯಾಸ ಸಣ್ಣದು, ಆದ್ರೆ ಇತ್ತು. ಕಮ್ಮಿ ಹಾಕಿದ್ದು ಯಾರು ಗೊತ್ತಾ? ಹೆಚ್ಚಾಗಿ ಕೆಳಜಾತಿಯ ಮೇಷ್ಟ್ರುಗಳೇ. ನನ್ನ ಲ್ಯಾಪ್‌ಟಾಪಿನ ಕೆಂಪು ನೆನಪಾಗಿ ಇದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಕಾಮೆಂಟಿನಲ್ಲಿ ಇದಕ್ಕೆ ಜಗಳ ಮಾಡೋರು ಮಾಡಿ, ಆದ್ರೆ ಅಧ್ಯಯನ ಓದಿ ಮಾಡಿ.

ಪ್ರಶ್ನೆ ಮಾಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕರ್ನಾಟಕದ ರಾಜಧಾನಿ ಯಾವುದು ಅಂತ ಕೇಳೋಕೆ ಕಾರ್ಡು ಬೇಡ. ತಪ್ಪು ಉತ್ತರಗಳು ಮಕ್ಕಳು ನಿಜವಾಗಿ ಮಾಡುವ ತಪ್ಪುಗಳೇ ಆಗಿರಬೇಕು, ಆಗ ಮಾತ್ರ ಯಾವ ಕಂಬ ಎದ್ದಿತು ಅನ್ನೋದರಲ್ಲಿ ಮೇಷ್ಟ್ರಿಗೆ ಸುದ್ದಿ ಇರುತ್ತೆ. ದಶಮಾಂಶದಲ್ಲಿ 3.45 ದೊಡ್ಡದು, 3.5 ಚಿಕ್ಕದು ಅಂತ ಮಕ್ಕಳು ಹೇಳುತ್ತಾರೆ, 45 ದೊಡ್ಡದಲ್ವಾ ಅಂತ. ನಾನು ಜಾಣತನ ಮಾಡಿ, "ಡೈರಿಯಲ್ಲಿ ನಿಮ್ಮ ಹಾಲಿಗೆ ಫ್ಯಾಟು 3.45 ಬಂದರೆ ಒಳ್ಳೇದಾ, 3.5 ಬಂದರೆ ಒಳ್ಳೇದಾ" ಅಂತ ಕೇಳಿದೆ. ನಮ್ಮ ಊರಿನ ಪ್ರಶ್ನೆ ಅಂತ ಹೆಮ್ಮೆ ಬೇರೆ. ಒಬ್ಬಳು ಎದ್ದು, "ಸಾರ್, ನಮ್ಮನೇಲಿ ಹಸ ಇಲ್ಲ" ಅಂದಳು. ಕೈ ಎತ್ತಿಸಿ ಲೆಕ್ಕ ಹಾಕೋ ಧೈರ್ಯ ನನಗೆ ಬರಲಿಲ್ಲ, ಆದ್ರೆ ಹಸು ಇರುವ ಮನೆ ಅಲ್ಲಿ ಐದಾರು ಇರಬಹುದು. ಜಮೀನು, ದನ ಇಲ್ಲದವರ ಮಕ್ಕಳಿಗೆ ಡೈರಿ ಲೆಕ್ಕ ಕೊಟ್ಟು ಸ್ಥಳೀಯ ಉದಾಹರಣೆ ಅಂತ ಬೀಗಿದ್ದೆ. ಮುಂದಿನ ವಾರ ಅದನ್ನೇ ಗೋಬಿ ಅಂಗಡಿಯ ತಕ್ಕಡಿಗೆ ಬದಲಾಯಿಸಿದೆ.

ಭಾಷೆಯೂ ಅಷ್ಟೇ. 2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದ ರಂಜಿತ್‌ಸಿಂಹ ಡಿಸಲೆ ಹೆಸರು ಕೇಳಿದ್ದೀರಿ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಮೇಷ್ಟ್ರು. ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿದ್ದಕ್ಕೆ ಅವರಿಗೆ ಬಹುಮಾನ ಬಂತು ಅಂತ ಎಲ್ಲರೂ ಬರೆದರು. ಅಲ್ಲಿನ ಹೆಣ್ಣುಮಕ್ಕಳ ಮನೆಮಾತು ಕನ್ನಡ, ಪುಸ್ತಕ ಆ ಭಾಷೆಯಲ್ಲಿರಲಿಲ್ಲ, ಅದಕ್ಕೆ ಡಿಸಲೆ ಕನ್ನಡ ಕಲಿತು ಪಾಠಗಳನ್ನ ಮಕ್ಕಳ ಮಾತಿಗೆ ತಂದರು ಅನ್ನೋದನ್ನ ಅಷ್ಟಾಗಿ ಯಾರೂ ಎತ್ತಿ ಆಡಲಿಲ್ಲ. ನನಗೆ ಕೋಡಿಗಿಂತ ಅದೇ ದೊಡ್ಡದು ಅನ್ನಿಸುತ್ತೆ. ಇಂಗ್ಲಿಷ್ ಮೀಡಿಯಂ ಕ್ಲಾಸಿನಲ್ಲಿ ಪ್ರಶ್ನೆಯೇ ಓದೋಕೆ ಬಾರದ ಮಗು ತಪ್ಪು ಕಾರ್ಡು ಎತ್ತಿದರೆ, ಅದು ವಿಜ್ಞಾನದ ತಪ್ಪಲ್ಲ. ಪ್ರಶ್ನೆಯನ್ನ ಕನ್ನಡದಲ್ಲಿ ಬಾಯಲ್ಲಿ ಒಂದು ಸಲ ಹೇಳಿ.

ನಮ್ಮ ಇಲಾಖೆಗೆ ತಂತ್ರಜ್ಞಾನ ಅಂದ ಕೂಡಲೇ ಕ್ಯಾಮೆರಾ ನೆನಪಾಗುತ್ತೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಹಾಕಿದರು. ಹಿಂದಿನ ವರ್ಷ 83.89% ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ 73.40%ಗೆ ಇಳಿಯಿತು. ನಕಲು ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಾರ್ಚಿಯಲ್ಲಿ ಮಗುವನ್ನ ಕ್ಯಾಮೆರಾದಲ್ಲಿ ನೋಡೋಕೆ ಇರುವ ಆಸಕ್ತಿ, ಜುಲೈನಲ್ಲಿ ಆ ಮಗುವಿಗೆ 3/4 ಗೊತ್ತಾ ಅಂತ ಕೇಳೋಕೆ ಯಾಕಿಲ್ಲ? ಜುಲೈನಲ್ಲಿ ಕೇಳೋಕೆ ಒಂದು ಫೋನು, ನಲವತ್ತು ರಟ್ಟಿನ ತುಂಡು ಸಾಕು.

ಮನವಿಯಲ್ಲಿ ಜಾಗ ಬದಲಾವಣೆ ಅಲ್ಲದೆ ಇನ್ನೂ ಕೇಳಿರುವುದು ಇಷ್ಟು. ಹೆಸರಿನ ಜೊತೆ ಯಾವ ಫಲಿತಾಂಶವನ್ನೂ ಸ್ಕ್ರೀನಿನಲ್ಲಿ ತೋರಿಸಬಾರದು, ಗ್ರೂಪಿಗೆ ಹಾಕಬಾರದು. ಈ ಉತ್ತರಗಳಿಗೆ ಅಂಕ ಇರಬಾರದು. ಮೇಷ್ಟ್ರಿಗೆ ತರಬೇತಿ ಕೊಡುವಾಗ ಆ್ಯಪು ಒತ್ತೋದಕ್ಕಿಂತ ಪ್ರಶ್ನೆ ಮಾಡೋದು ಹೇಳಿಕೊಡಬೇಕು. ಅನುದಾನ ಕೇಳಿಲ್ಲ. ಕೇಳಿದರೆ ಟೆಂಡರು ಆಗುತ್ತೆ, ಟೆಂಡರ್ ಆದ್ರೆ ಬೀರುವಿನಲ್ಲಿ ಬೀಗ ಹಾಕಿಡ್ತಾರೆ, ಕಚೇರಿಯಲ್ಲಿ ಕೆಲಸ ಮಾಡೋನು ಹೇಳ್ತಿದ್ದೀನಿ.

ಮನವಿಗೆ ಸ್ವೀಕೃತಿ ಸೀಲು ಬಿದ್ದಿದೆ, ಉತ್ತರ ಬಂದಿಲ್ಲ. ಗ್ರೂಪಿನಿಂದ ಫೋಟೋ ತೆಗೆದಿದ್ದಾರೆ. ಆ ಮೇಷ್ಟ್ರು ಫೋನ್ ಮಾಡಿದ್ದರು. ಮೊದಲು ಸಿಟ್ಟಿನಲ್ಲಿ, ನಾವು ಏನೋ ಹೊಸದು ಮಾಡೋಕೆ ಹೋದ್ರೂ ನಿಮ್ಮದೊಂದು ಅಂದರು. ನನ್ನ ಭವನದ ಹುಡುಗನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಹೆಸರು ತೆಗೆದು ನಂಬರು ಹಾಕೋದು ಆ್ಯಪಲ್ಲಿ ಎಲ್ಲಿ ಬರುತ್ತೆ ಸಾರ್ ಅಂತ ಕೇಳಿದರು. ಹೇಳಿಕೊಟ್ಟಿದ್ದೀನಿ. ಮಾಡಿದ್ದಾರೋ ಇಲ್ವೋ ಅಂತ ಆ ತಾಯಿಯನ್ನ ಕೇಳಿದೆ. ಮಗಳು ಶಾಲೆಗೆ ಹೋಗ್ತಾ ಇದ್ದಾಳಣ್ಣ, ಅದು ಮಾತ್ರ ಗೊತ್ತು ಅಂದರು.

ಕಾರ್ಡಿನ ಪ್ರಿಂಟು ಬೇಕಾದ ಮೇಷ್ಟ್ರುಗಳು ಇನ್‌ಬಾಕ್ಸ್ ಮಾಡಿ, ಕಳಿಸ್ತೀನಿ. ಮಾಗಡಿ, ಕನಕಪುರ ಕಡೆಯವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದರೆ ಕಣ್ಣಾರೆ ನೋಡಬಹುದು. ನಿಮ್ಮ ಮಕ್ಕಳನ್ನೂ ಕರೆತನ್ನಿ, ರಟ್ಟು ಸಾಕಷ್ಟಿದೆ.

ಜೈ ಭೀಮ್.